ಗಡಿ ದಾಟುವ ಸರಕು: ಅಡ್ಡಗಂಬ ಹೋದ ಮೇಲೆ ಉಳಿದ ತೊಡಕುಗಳು

ಸೇಡಂ ಮಾರುಕಟ್ಟೆಯಲ್ಲಿ ತೊಗರಿ ಚೀಲ ತುಂಬಿಕೊಂಡು ಬೆಳಿಗ್ಗೆ ಹೊರಟ ಲಾರಿ ತಾಂಡೂರಿನ ದಾಲ್ ಮಿಲ್ಲಿನಲ್ಲಿ ಸರಕನ್ನಿಳಿಸಿ ಊಟದ ಹೊತ್ತಿಗೆ ಹಿಂದಿರುಗಬಹುದು. ದೂರ ಅಷ್ಟೇ ಇರುವುದು. ಆದರೂ ನಮ್ಮ ಭಾಗದ ಹಿರಿಯ ವರ್ತಕರನ್ನು ಕೇಳಿದರೆ, ಈ ದಾರಿಯಲ್ಲಿ ಲಾರಿಯೊಂದು ಎರಡು ದಿನ ನಿಂತ ಕಥೆಯನ್ನು ಹೇಳದವರು ವಿರಳ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ವಾಣಿಜ್ಯ ತೆರಿಗೆ ಇಲಾಖೆಯ ಗಡಿ ತನಿಖಾ ಠಾಣೆಗಳು ರದ್ದಾದವು. ಅಂದಿನಿಂದ ಗಡಿಯಲ್ಲಿ ಸಾಲು ನಿಲ್ಲುವ ಕಷ್ಟ ಬಹುಮಟ್ಟಿಗೆ ನೀಗಿತು. ಹೀಗಿದ್ದರೂ ನನ್ನ ಕಚೇರಿಗೆ ಲಾರಿ ತಡೆಹಿಡಿದ ನೋಟಿಸು ಹಿಡಿದು ಬರುವವರ ಸಂಖ್ಯೆ ಕಡಿಮೆಯಾಗಿಲ್ಲ. ಇದು ಏಕೆ, ಇದಕ್ಕೆ ನಾವು ಮಾಡಬಹುದಾದುದೇನು ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಕರೋಡಗಿರಿಯ ನೆನಪು

ಗಡಿ ಸುಂಕದ ವಿಷಯ ನಮ್ಮ ಭಾಗಕ್ಕೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಆದ ಸುಂಕದ ಇಲಾಖೆಯಿತ್ತು. ಅದನ್ನು ಕರೋಡಗಿರಿ ಎಂದು ಕರೆಯುತ್ತಿದ್ದರು. 1802ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಆದ ವಾಣಿಜ್ಯ ಒಪ್ಪಂದದಂತೆ ಸರಕಿನ ಮೌಲ್ಯದ ಮೇಲೆ ಶೇಕಡ 5ರ ಸುಂಕ ನಿಗದಿಯಾಗಿತ್ತು. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಶಹಾಬಾದ, ವಾಡಿ ಮಾರ್ಗವಾಗಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸೇಡಂ, ತಾಂಡೂರು ಮೂಲಕ ಹೈದರಾಬಾದಿಗೆ ನಿಜಾಮರ ರೈಲು ಹಾದಿ ತೆರೆಯಿತು. ಮುಂಬಯಿಯಿಂದ ಬಂದ ಬಟ್ಟೆ, ಸಕ್ಕರೆ, ಕಬ್ಬಿಣ ವಾಡಿಯಲ್ಲಿ ಒಂದು ರೈಲಿನಿಂದ ಇನ್ನೊಂದಕ್ಕೆ ಏರುತ್ತಿದ್ದ ಕಾಲವದು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಆರ್ಥಿಕ ಏಕೀಕರಣವಾದ ಕೆಲವು ವರ್ಷಗಳಲ್ಲಿ ಈ ಒಳನಾಡಿನ ಸುಂಕ ಹೋಯಿತು.

ಹಳೆಯ ಸುಂಕದ ಗಡಿ ಹೋದ ಹೊತ್ತಿಗೇ ಹೊಸ ಗಡಿ ಬಂದಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದುವರೆಗೆ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಹಾಗೂ ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಭೂಮಿಯ ಕೆಳಗಿನ ಸುಣ್ಣಕಲ್ಲಿನ ಪದರ ಒಂದೇ. ಅದೇ ಕಲ್ಲು ಇತ್ತ ಶಹಾಬಾದ ಫರಸಿ, ಅತ್ತ ತಾಂಡೂರು ಕಲ್ಲು. ಹೊಲದ ತೊಗರಿಯೂ ಹಾಗೆಯೇ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೀಗರು, ಅಡತಿ ಲೇವಾದೇವಿ, ಹಮಾಲರು, ಲಾರಿ ಮಾಲೀಕರು ಎಲ್ಲರೂ ಎರಡೂ ಕಡೆ ಹಂಚಿಹೋಗಿರುವ ಪ್ರದೇಶವಿದು. ಇಂತಹ ಕಡೆ ರಾಜ್ಯದ ಗಡಿಯಲ್ಲಿ ಸರಕು ಒಂದು ದಿನ ನಿಂತರೆ ನಷ್ಟ ಇಬ್ಬರಿಗೂ ತಟ್ಟುತ್ತದೆ.

1956ರಲ್ಲಿಯೇ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬಂದಿತು. 1957ರಲ್ಲಿ ನಮ್ಮ ರಾಜ್ಯದ ಮಾರಾಟ ತೆರಿಗೆ ಕಾಯ್ದೆ. ನಗರಸಭೆಗಳ ಆಕ್ಟ್ರಾಯ್ ರದ್ದಾಗಿ ಅದರ ಜಾಗದಲ್ಲಿ 1979ರ ಪ್ರವೇಶ ತೆರಿಗೆ ಕಾಯ್ದೆ ಬಂದ ಮೇಲೆ ಗಡಿಯ ತನಿಖಾ ಠಾಣೆಗಳ ಕೆಲಸ ಇನ್ನಷ್ಟು ಹೆಚ್ಚಿತು. 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಜಾರಿಯಾದರೂ ಠಾಣೆಗಳು ಹಾಗೆಯೇ ಉಳಿದವು. ಒಂದು ರಾಜ್ಯವನ್ನು ಹಾದುಹೋಗುವ ಲಾರಿಯು ಒಳಬರುವ ಠಾಣೆಯಲ್ಲಿ ಸಾಗಣೆ ಪರವಾನಗಿ ಪಡೆದು ಹೊರಹೋಗುವ ಠಾಣೆಯಲ್ಲಿ ಅದನ್ನೊಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ಸರಕು ರಾಜ್ಯದೊಳಗೇ ಮಾರಾಟವಾಯಿತೆಂದು ಭಾವಿಸಿ ತೆರಿಗೆ ವಿಧಿಸುವ ಅವಕಾಶವಿತ್ತು.

2003ರ ಮಳೆಗಾಲದ ಒಂದು ಪ್ರಸಂಗ ನನಗಿನ್ನೂ ನೆನಪಿದೆ. ನಾನು ವೃತ್ತಿ ಆರಂಭಿಸಿ ಕೆಲವೇ ವರ್ಷಗಳಾಗಿದ್ದವು. ಕಕ್ಷಿದಾರರೊಬ್ಬರ ಬೇಳೆ ಲಾರಿ ಗಡಿಯ ಠಾಣೆಯೊಂದರಲ್ಲಿ ನಿಂತಿತು. ಸಾಗಣೆ ಚೀಟಿಯಲ್ಲಿ ಚೀಲದ ಸಂಖ್ಯೆಯಿತ್ತು, ತೂಕವಿತ್ತು. ಆದರೆ ಬೆಲೆಯ ಅಂಕಣವನ್ನು ಮುನೀಮರು ಖಾಲಿ ಬಿಟ್ಟಿದ್ದರು. ಬೆಲೆ ಬಿಲ್ಲಿನಲ್ಲಿದೆಯಲ್ಲ ಎಂಬುದು ಅವರ ವಾದ. ಅದು ತಪ್ಪೇನಲ್ಲ, ಆದರೆ ಅಲ್ಲಿ ಕೇಳುವವರು ಯಾರು? ಅಧಿಕಾರಿ ರಜೆಯ ಮೇಲಿದ್ದರು. ಮತ್ತೊಬ್ಬರು ಬರುವುದು ಮರುದಿನ. ಲಾರಿಯ ತಾಡಪತ್ರಿ ಒಂದು ಮೂಲೆಯಲ್ಲಿ ಹರಿದಿತ್ತು. ಮೂರನೆಯ ದಿನ ನಾನು ಬಸ್ಸು ಹಿಡಿದು ಅಲ್ಲಿಗೆ ಹೋದಾಗ ಚಾಲಕ ಹೇಳಿದ್ದಿಷ್ಟು: "ಸಾಹೇಬ್ರೆ, ಕಾಗದ ಎಲ್ಲಾ ಅದಾವ್ರಿ. ಸೈ ಮಾಡೋರೇ ಇಲ್ಲ." ದಂಡ ಕಟ್ಟಿದ್ದು ಸಾವಿರದ ಲೆಕ್ಕದಲ್ಲಿ. ನೆನೆದ ಬೇಳೆಯನ್ನು ಪಶು ಆಹಾರಕ್ಕೆಂದು ಮಾರಿದ್ದರಿಂದಾದ ನಷ್ಟ ಅದರ ಹಲವು ಪಟ್ಟು. ಗಡಿಯ ತಡೆಗೆ ವರ್ತಕ ತೆರುವ ಬೆಲೆ ರಸೀದಿಯಲ್ಲಿ ಕಾಣುವುದಿಲ್ಲವೆಂದು ನನಗೆ ತಿಳಿದದ್ದು ಅಂದು.

ಠಾಣೆಯಿಂದ ಗಣಕಯಂತ್ರಕ್ಕೆ

ಮೌಲ್ಯವರ್ಧಿತ ತೆರಿಗೆಯ ಕೊನೆಯ ವರ್ಷಗಳಲ್ಲಿ ಕರ್ನಾಟಕವು ಇ-ಸುಗಮ್ ಎಂಬ ವ್ಯವಸ್ಥೆಯನ್ನು ತಂದುದು ಸದಸ್ಯರಿಗೆ ನೆನಪಿರಬಹುದು. ಸರಕು ಹೊರಡುವ ಮೊದಲೇ ಅದರ ವಿವರವನ್ನು ಅಂತರಜಾಲದಲ್ಲಿ ದಾಖಲಿಸಿ ಸಂಖ್ಯೆಯೊಂದನ್ನು ಪಡೆಯುವುದು. ಠಾಣೆಯವರು ಆ ಸಂಖ್ಯೆಯನ್ನು ನೋಡಿ ಬಿಡುವುದು. ಇಂದಿನ ರಾಷ್ಟ್ರಮಟ್ಟದ ಇ-ವೇ ಬಿಲ್ಲಿಗೆ ಈ ಅನುಭವ ದಾರಿ ಮಾಡಿತು. 2017ರ ಸೆಪ್ಟೆಂಬರಿನಲ್ಲಿಯೇ ಕರ್ನಾಟಕ ಪ್ರಾಯೋಗಿಕವಾಗಿ ಇ-ವೇ ಬಿಲ್ ಆರಂಭಿಸಿತು. 2018ರ ಫೆಬ್ರವರಿ 1ರಂದು ದೇಶದಾದ್ಯಂತ ಜಾರಿಗೊಳಿಸಲು ಹೋದಾಗ ಜಾಲತಾಣ ಭಾರ ತಾಳಲಾರದೆ ಕುಸಿದು, ಅಂತಿಮವಾಗಿ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಅದು ಕಡ್ಡಾಯವಾಯಿತು. ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮದು.

ಇದರಿಂದಾದ ಲಾಭವನ್ನು ಅಲ್ಲಗಳೆಯುವಂತಿಲ್ಲ. ರಿಬ್ಬನಪಲ್ಲಿ, ಮಿರಿಯಾಣ, ಕುಂಚಾವರಂ ದಾರಿಗಳಲ್ಲಿ ತೆಲಂಗಾಣಕ್ಕೆ ಹೋಗುವ ಲಾರಿ ಈಗ ಮಾರಾಟ ತೆರಿಗೆಯ ಮುದ್ರೆಗಾಗಿ ಕಾಯಬೇಕಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಮೊದಲು ಸರ್ಕಾರದ ಗುಮಾಸ್ತರು ಗಡಿಯಲ್ಲಿ ಮಾಡುತ್ತಿದ್ದ ಕೆಲಸ ಈಗ ನಮ್ಮ ಅಂಗಡಿಯ ಗುಮಾಸ್ತರ ಮೇಜಿಗೆ ಬಂದಿದೆ. ಅಂಗಡಿಯಲ್ಲಾದ ತಪ್ಪು ಅಂಗಡಿಯಲ್ಲಿ ಕಾಣುವುದಿಲ್ಲ. ನೂರು ಕಿಲೋಮೀಟರ್ ಆಚೆ, ರಾತ್ರಿ, ಸಂಚಾರಿ ದಳದ ಅಧಿಕಾರಿಯ ಕೈಯಲ್ಲಿ ಕಾಣುತ್ತದೆ. ಅಲ್ಲಿ ಉತ್ತರ ಹೇಳಬೇಕಾದವನು ಏನನ್ನೂ ಅರಿಯದ ಚಾಲಕ.

ದಂಡದ ಲೆಕ್ಕವನ್ನು ಸ್ಪಷ್ಟವಾಗಿ ಅರಿಯುವುದು ಒಳ್ಳೆಯದು. ಕಾಯ್ದೆಯ 129ನೇ ಕಲಮಿನಂತೆ ಮೊದಲು ತೆರಿಗೆ ಹಾಗೂ ಅದರಷ್ಟೇ ದಂಡ ಕಟ್ಟಿ ಸರಕನ್ನು ಬಿಡಿಸಿಕೊಳ್ಳಬಹುದಿತ್ತು. 2022ರ ಜನವರಿ 1ರಿಂದ ಈ ಕಲಮು ಬದಲಾಗಿದೆ. ಮಾಲೀಕನೇ ಮುಂದೆ ಬಂದರೆ ತೆರಿಗೆಯ ಶೇಕಡ 200ರಷ್ಟು ದಂಡ. ಮಾಲೀಕ ಬಾರದಿದ್ದರೆ ಸರಕಿನ ಮೌಲ್ಯದ ಅರ್ಧ ಅಥವಾ ತೆರಿಗೆಯ ಶೇಕಡ 200, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ತೆರಿಗೆ ವಿನಾಯಿತಿಯುಳ್ಳ ಸರಕಿನ ಮಾಲೀಕ ಬಂದರೆ ಮೌಲ್ಯದ ಶೇಕಡ 2 ಅಥವಾ 25,000 ರೂ., ಇವುಗಳಲ್ಲಿ ಕಡಿಮೆಯಾದುದು. ತಡೆಹಿಡಿದ 7 ದಿನಗಳೊಳಗೆ ನೋಟಿಸು, ನೋಟಿಸು ತಲುಪಿದ 7 ದಿನಗಳೊಳಗೆ ಆದೇಶ ಆಗಬೇಕು. ಮೇಲ್ಮನವಿಗೆ ದಂಡದ ಶೇಕಡ 10ನ್ನು ಮುಂಚಿತವಾಗಿ ಕಟ್ಟಬೇಕು.

ಇದನ್ನು ಉದಾಹರಣೆಯಿಂದ ನೋಡೋಣ. 2023ರಲ್ಲಿ ಚಿಂಚೋಳಿ ಭಾಗದ ಸಿಮೆಂಟ್ ವ್ಯಾಪಾರಿಯೊಬ್ಬರು 500 ಚೀಲ ಸಿಮೆಂಟನ್ನು ತೆಲಂಗಾಣದ ಗಿರಾಕಿಗೆ ಕಳುಹಿಸಿದರು. ತೆರಿಗೆ ಹೊರತಾದ ಬೆಲೆ 1,40,000 ರೂ. ದಾರಿಯಲ್ಲಿ ಲಾರಿಯ ಆಕ್ಸೆಲ್ ಮುರಿಯಿತು. ಚಾಲಕ ಬುದ್ಧಿವಂತ, ಹಾದುಹೋಗುತ್ತಿದ್ದ ಪರಿಚಯದ ಲಾರಿಗೆ ಚೀಲ ವರ್ಗಾಯಿಸಿ ಕಳುಹಿಸಿದ. ಮಾಲೀಕರಿಗೆ ಫೋನು ಸಹ ಮಾಡಿದ್ದ. ಆದರೆ ಇ-ವೇ ಬಿಲ್ಲಿನ ಭಾಗ-ಬಿಯಲ್ಲಿ ಹೊಸ ಲಾರಿಯ ಸಂಖ್ಯೆಯನ್ನು ದಾಖಲಿಸಲು ಯಾರಿಗೂ ತೋಚಲಿಲ್ಲ. ವಾಹನ ಬದಲಾದರೆ ಸರಕನ್ನು ವರ್ಗಾಯಿಸುವ ಮೊದಲೇ ಅದನ್ನು ತಿದ್ದಬೇಕೆಂಬುದು 138ನೇ ನಿಯಮ. ಅಂದಿನ ಶೇಕಡ 28ರ ದರದಲ್ಲಿ ತೆರಿಗೆ 39,200 ರೂ.; ದಂಡ 78,400 ರೂ. ಸರಕಿನ ಬೆಲೆಯ ಅರ್ಧಕ್ಕಿಂತ ಹೆಚ್ಚು. ಆ ವ್ಯಾಪಾರಿಗೆ ಚೀಲವೊಂದಕ್ಕೆ ಉಳಿಯುವ ಲಾಭ ಎಷ್ಟೆಂಬುದು ಇದನ್ನೋದುತ್ತಿರುವ ಸಿಮೆಂಟ್ ವ್ಯಾಪಾರಿಗಳಿಗೆ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ದರ ಶೇಕಡ 18ಕ್ಕೆ ಇಳಿದಿರುವುದರಿಂದ ಅದೇ ತಪ್ಪಿಗೆ ಈಗ ದಂಡ 50,400 ರೂ. ಆಗುತ್ತದೆ. ಇದೂ ಸಣ್ಣ ಮೊತ್ತವೇನಲ್ಲ.

ಭಾಗ-ಬಿಯನ್ನು ಮೊಬೈಲ್ ಫೋನಿನಿಂದಲೇ ಎರಡು ನಿಮಿಷದಲ್ಲಿ ತಿದ್ದಬಹುದು. ಆ ಲಾರಿ ಮಾಲೀಕರ ಮಗ ದಿನವಿಡೀ ಫೋನಿನಲ್ಲಿಯೇ ಇರುತ್ತಾನೆಂದು ವ್ಯಾಪಾರಿ ಆಮೇಲೆ ನನ್ನೆದುರು ಹಲುಬಿದರು.

ಕಾಯ್ದೆ ವರ್ತಕನಿಗೂ ಕೆಲವು ಹಕ್ಕು ಕೊಟ್ಟಿದೆ

ನಮ್ಮಲ್ಲಿ ಅನೇಕರು ದಂಡದ ಕಲಮುಗಳನ್ನು ಬಲ್ಲರು, ರಕ್ಷಣೆಯ ನಿಯಮಗಳನ್ನು ಅರಿಯರು. ಲಾರಿಯನ್ನು 30 ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಸಾಗಣೆದಾರನು ಆ ವಿಷಯವನ್ನು ಜಾಲತಾಣದಲ್ಲಿ ಇಡಬ್ಲ್ಯುಬಿ-04 ನಮೂನೆಯಲ್ಲಿ ದಾಖಲಿಸಬಹುದು. ಇಷ್ಟು ವರ್ಷಗಳಲ್ಲಿ ನನ್ನ ಕಕ್ಷಿದಾರರಲ್ಲಿ ಒಬ್ಬರೂ ಇದನ್ನು ಬಳಸಿದ್ದನ್ನು ನಾನು ಕಂಡಿಲ್ಲ. ಕಾರಣ ಕೇಳಿದರೆ, ಮತ್ತೆ ಅದೇ ದಾರಿಯಲ್ಲಿ ಹೋಗಬೇಕಲ್ಲ ಸಾಹೇಬರೇ, ಎನ್ನುತ್ತಾರೆ. ಅವರ ಭಯ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಯಾರೂ ದಾಖಲಿಸದ ತಡೆ ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲವೆಂದಾಗುತ್ತದೆ.

ಪರಿಶೀಲನೆ ಮಾಡಿದ ಅಧಿಕಾರಿ ತನ್ನ ಸಂಕ್ಷಿಪ್ತ ವರದಿಯನ್ನು 24 ಗಂಟೆಗಳೊಳಗೆ, ಅಂತಿಮ ವರದಿಯನ್ನು 3 ದಿನಗಳೊಳಗೆ ದಾಖಲಿಸಬೇಕು. ಒಮ್ಮೆ ಒಂದು ಕಡೆ ಸರಕಿನ ಭೌತಿಕ ಪರಿಶೀಲನೆಯಾದ ಮೇಲೆ ತೆರಿಗೆ ವಂಚನೆಯ ನಿರ್ದಿಷ್ಟ ಮಾಹಿತಿ ಇಲ್ಲದ ಹೊರತು ಅದೇ ಪ್ರಯಾಣದಲ್ಲಿ ಮತ್ತೆ ಪರಿಶೀಲಿಸುವಂತಿಲ್ಲ. ಆದ್ದರಿಂದ ಮೊದಲ ಪರಿಶೀಲನೆಯ ವರದಿಯ ಪ್ರತಿಯನ್ನು ಚಾಲಕ ಕೇಳಿ ಪಡೆಯುವುದು ಅವಶ್ಯ.

ಇನ್ನು ಸಣ್ಣಪುಟ್ಟ ತಪ್ಪುಗಳ ವಿಷಯ. 2018ರ ಸೆಪ್ಟೆಂಬರ್ 14ರ 64ನೇ ಸುತ್ತೋಲೆಯನ್ನು ಪ್ರತಿಯೊಬ್ಬ ಸಾಗಣೆದಾರರೂ ಮುದ್ರಿಸಿ ಲಾರಿಯಲ್ಲಿಡಬೇಕೆಂಬುದು ನನ್ನ ಸಲಹೆ. ನೋಂದಣಿ ಸಂಖ್ಯೆ ಸರಿಯಿದ್ದು ಹೆಸರಿನ ಅಕ್ಷರ ತಪ್ಪಿದ್ದರೆ, ವಿಳಾಸ ಸರಿಯಿದ್ದು ಪಿನ್ ಕೋಡ್ ತಪ್ಪಿದ್ದರೆ, ಬಿಲ್ಲಿನ ಸಂಖ್ಯೆಯ ಒಂದೆರಡು ಅಂಕಿ ಅಥವಾ ಲಾರಿ ಸಂಖ್ಯೆಯ ಒಂದೆರಡು ಅಂಕಿ ತಪ್ಪಿದ್ದರೆ, ಸರಕಿನ ವರ್ಗೀಕರಣ ಸಂಖ್ಯೆಯ ಮೊದಲೆರಡು ಅಂಕಿ ಹಾಗೂ ತೆರಿಗೆ ದರ ಸರಿಯಿದ್ದು ಉಳಿದದ್ದು ತಪ್ಪಿದ್ದರೆ, 129ನೇ ಕಲಮನ್ನು ಪ್ರಯೋಗಿಸಬಾರದೆಂದು ಈ ಸುತ್ತೋಲೆ ಹೇಳುತ್ತದೆ. ಅಂತಹ ಸಂದರ್ಭದಲ್ಲಿ ಕೇಂದ್ರ ಹಾಗೂ ರಾಜ್ಯ ಕಾಯ್ದೆಗಳಡಿ ತಲಾ 500 ರೂ., ಅಂತರರಾಜ್ಯ ಸಾಗಣೆಯಲ್ಲಿ 1,000 ರೂ. ದಂಡ ಸಾಕು. ಅರ್ಧ ಲಕ್ಷ ಕೇಳುವ ಜಾಗದಲ್ಲಿ ಈ ಒಂದು ಹಾಳೆ ಸಾವಿರಕ್ಕೆ ಮುಗಿಸಿದ ಪ್ರಸಂಗಗಳು ನನ್ನ ಅನುಭವದಲ್ಲಿ ಮೂರು ಇವೆ.

ಬಿಲ್ಲಿನ ಅವಧಿ ಮೀರಿದ್ದರ ಬಗ್ಗೆ ನಮ್ಮ ನೆರೆಯ ರಾಜ್ಯದ ಪ್ರಕರಣವೊಂದು ಗಮನಾರ್ಹ. ಸತ್ಯಂ ಶಿವಂ ಪೇಪರ್ಸ್ ಎಂಬ ಸಂಸ್ಥೆಯ ಕಾಗದದ ಸರಕು 2020ರ ಜನವರಿಯಲ್ಲಿ ಪ್ರತಿಭಟನೆಯಿಂದ ರಸ್ತೆ ಸಂಚಾರ ನಿಂತ ಕಾರಣ ಸಮಯಕ್ಕೆ ತಲುಪಲಿಲ್ಲ. ಇ-ವೇ ಬಿಲ್ಲಿನ ಅವಧಿ ಮುಗಿದಿತ್ತು. ಸರಕನ್ನು ತಡೆದು 69,000 ರೂ. ವಸೂಲು ಮಾಡಲಾಯಿತು. 2021ರಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯವು ಅವಧಿ ಮೀರಿದ ಮಾತ್ರಕ್ಕೆ ತೆರಿಗೆ ತಪ್ಪಿಸುವ ಉದ್ದೇಶವಿತ್ತೆಂದು ಭಾವಿಸಲಾಗದೆಂದು ಹೇಳಿ, ಹಣವನ್ನು ಬಡ್ಡಿ ಸಹಿತ ಹಿಂದಿರುಗಿಸಲು ಆದೇಶಿಸಿ, 10,000 ರೂ. ಖರ್ಚನ್ನೂ ವಿಧಿಸಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ಎತ್ತಿಹಿಡಿದು ಇನ್ನೂ 59,000 ರೂ. ಖರ್ಚನ್ನು ಸೇರಿಸಿತು. ಹೀಗಾದರೂ ಎಲ್ಲರೂ ದೆಹಲಿಯವರೆಗೆ ಹೋಗಲಾಗದು. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಣೆ ಪಡೆಯಲು ಅವಕಾಶವಿದೆ. ಅದನ್ನು ಬಳಸುವುದೇ ಸುಲಭ. 2021ರ ಜನವರಿ 1ರಿಂದ ದಿನವೊಂದಕ್ಕೆ 100 ಕಿಲೋಮೀಟರ್ ಬದಲು 200 ಕಿಲೋಮೀಟರ್ ಎಂದು ಲೆಕ್ಕ ಹಿಡಿಯುವುದರಿಂದ ಅವಧಿ ಮೊದಲಿಗಿಂತ ಅರ್ಧವಾಗಿದೆ ಎಂಬುದನ್ನು ನಮ್ಮ ಹಳೆಯ ಸಾಗಣೆದಾರರು ಇನ್ನೂ ಮರೆಯುತ್ತಾರೆ.

ಫರಸಿ ಕಲ್ಲಿನ ಎರಡು ಅಳತೆ

ದಾಲ್ ಮಿಲ್ಲಿನವರಿಗಿಂತ ಕಲ್ಲಿನ ವ್ಯಾಪಾರಿಗಳ ತೊಡಕು ಹೆಚ್ಚು. ಮುದ್ರಿತ ಪೊಟ್ಟಣವಲ್ಲದ ಬೇಳೆ ತೆರಿಗೆ ವಿನಾಯಿತಿಯ ಪಟ್ಟಿಯಲ್ಲಿರುವುದರಿಂದ ಅದಕ್ಕೆ ಇ-ವೇ ಬಿಲ್ ಬೇಕಿಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಮುದ್ರಿತ ಪೊಟ್ಟಣಕ್ಕೆ ಮಾತ್ರ ಶೇಕಡ 5ರ ತೆರಿಗೆಯುಂಟು. ಒಂದೇ ಲಾರಿಯಲ್ಲಿ ಎರಡನ್ನೂ ಹೇರುವವರು ಬಿಲ್ಲನ್ನು ಬೇರೆ ಬೇರೆ ಮಾಡುವುದು ಕ್ಷೇಮ. ಮಾರುಕಟ್ಟೆ ಸಮಿತಿಯ ಶುಲ್ಕದ ದಾಖಲೆ ಬೇರೆಯೇ ವಿಷಯ.

ಕಲ್ಲಿನ ಸಂಗತಿ ಹಾಗಲ್ಲ. ಶಹಾಬಾದ, ಚಿತ್ತಾಪುರ, ಮಿರಿಯಾಣದ ಗಣಿಗಳಿಂದ ಹೊರಡುವ ಲಾರಿಗೆ ತೆರಿಗೆ ಬಿಲ್ಲು ಹಾಗೂ ಇ-ವೇ ಬಿಲ್ಲಿನ ಜೊತೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿಯೂ ಬೇಕು. 1957ರ ಗಣಿ ಮತ್ತು ಖನಿಜ ಕಾಯ್ದೆಯ 23ಸಿ ಕಲಮಿನಡಿ ಪ್ರತಿ ರಾಜ್ಯವೂ ಅಕ್ರಮ ಸಾಗಣೆ ತಡೆಯಲು ತನ್ನದೇ ನಿಯಮ ಮಾಡಬಹುದಾದ್ದರಿಂದ ಗಡಿಯಾಚೆಯ ನಿಯಮವನ್ನೂ ತಿಳಿದಿರಬೇಕು. ಇಲ್ಲಿರುವ ತೊಡಕು ಅಳತೆಯದು. ಗಿರಾಕಿ ಫರಸಿಯನ್ನು ಕೊಳ್ಳುವುದು ಚದರ ಅಡಿಯಲ್ಲಿ. ಆದ್ದರಿಂದ ಬಿಲ್ಲು ಚದರ ಅಡಿಯಲ್ಲಿ. ರಾಜಧನ ಕಟ್ಟುವುದು ಟನ್ನಿನಲ್ಲಿ. ಆದ್ದರಿಂದ ಪರವಾನಗಿ ಟನ್ನಿನಲ್ಲಿ. ಒಂದೇ ಸರಕಿಗೆ ಎರಡು ಕಾಗದ, ಎರಡು ಅಳತೆ. ಕಲ್ಲಿನ ದಪ್ಪ ಕಾಲು ಅಂಗುಲ ವ್ಯತ್ಯಾಸವಾದರೂ ತೂಕ ಬದಲಾಗುತ್ತದೆ. ನಿಲ್ಲಿಸಿದ ಅಧಿಕಾರಿಗೆ ಎರಡೂ ಕಾಗದ ಒಂದೇ ಸರಕಿನವೆಂದು ಖಾತ್ರಿಯಾಗುವುದು ಹೇಗೆ? ನನ್ನ ಕಕ್ಷಿದಾರರಿಗೆ ನಾನು ಹೇಳಿರುವುದೆಂದರೆ, ಬಿಲ್ಲಿನಲ್ಲಿ ಚದರ ಅಡಿಯ ಕೆಳಗೇ ಸರಾಸರಿ ದಪ್ಪ, ಕಾಟಾದ ನಿವ್ವಳ ತೂಕ ಮತ್ತು ಪರವಾನಗಿಯ ಸಂಖ್ಯೆಯನ್ನು ಬರೆಯಿರಿ. ಕಾಟಾ ಚೀಟಿಯನ್ನು ಬಿಲ್ಲಿಗೆ ಚುಚ್ಚಿರಿ. ಹೀಗೆ ಮಾಡತೊಡಗಿದ ಮೇಲೆ ಅವರಲ್ಲಿ ಒಬ್ಬರ ಲಾರಿಯೂ ಅಳತೆಯ ಕಾರಣಕ್ಕೆ ನಿಂತಿಲ್ಲ. ಹೊಳಪು ನೀಡಿದ ಕಲ್ಲು ಹಾಗೂ ನೀಡದ ಕಲ್ಲುಗಳ ವರ್ಗೀಕರಣ ಬೇರೆ ಇರುವುದರಿಂದ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವ ಅಭ್ಯಾಸವನ್ನೂ ಬಿಡಬೇಕು.

ವಾಸ್ತವವಾಗಿ ಇದು ವರ್ತಕ ಮಾಡಬೇಕಾದ ಕೆಲಸವಲ್ಲ. ತೆರಿಗೆ ಇಲಾಖೆಯ ಹಾಗೂ ಗಣಿ ಇಲಾಖೆಯ ಗಣಕ ವ್ಯವಸ್ಥೆಗಳು ಪರಸ್ಪರ ಮಾತನಾಡಿದರೆ ಒಂದೇ ಸಂಖ್ಯೆಯಲ್ಲಿ ಎರಡೂ ಕಾಣಬಹುದು. ತೆರಿಗೆಯ ಅಡ್ಡಗಂಬ ಎತ್ತಿದ ಮೇಲೂ ಲಾರಿ ಹಲವು ಇಲಾಖೆಗಳ ಕೈ ಹಾದುಹೋಗುತ್ತಿರುವುದೇ ಇಂದಿನ ನಿಜವಾದ ಗಡಿ. 2025ರ ಅಕ್ಟೋಬರಿನಲ್ಲಿ ತೆಲಂಗಾಣವು ತನ್ನ ಸಾರಿಗೆ ಇಲಾಖೆಯ ಗಡಿ ಠಾಣೆಗಳನ್ನು ಮುಚ್ಚಿತು. ಪರವಾನಗಿ, ವಿಮೆ, ತೆರಿಗೆ ಎಲ್ಲವೂ ಅಂತರಜಾಲದಲ್ಲಿ ಕಾಣುವಾಗ ಕಾಗದ ನೋಡಲೆಂದೇ ಲಾರಿ ನಿಲ್ಲಿಸುವುದು ಅನವಶ್ಯಕ ಎಂಬ ತರ್ಕ ನಮ್ಮ ಕಡೆಗೂ ಸಲ್ಲುತ್ತದೆ.

ಸಮುದ್ರದಾಚೆಗೆ ಹೋಗುವ ಸರಕು

ನಮ್ಮ ಕಲ್ಲು ಹೊರದೇಶಕ್ಕೂ ಹೋಗುತ್ತದೆ. 2006ರಿಂದ ಇದ್ದ ನಿಷೇಧ 2017ರಲ್ಲಿ ತೆಗೆದುಹಾಕಲ್ಪಟ್ಟ ಮೇಲೆ ತೊಗರಿ ಬೇಳೆಯ ರಫ್ತಿಗೂ ಅವಕಾಶವಾಗಿದೆ. ಇಲ್ಲಿ ಗಡಿಯೆಂದರೆ ಬಂದರಿನ ಸುಂಕದ ಕಟ್ಟೆ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸೌಲಭ್ಯ ಒಪ್ಪಂದವನ್ನು ಭಾರತ 2016ರ ಏಪ್ರಿಲ್‌ನಲ್ಲಿ ಅನುಮೋದಿಸಿತು. 2017ರ ಫೆಬ್ರವರಿ 22ರಿಂದ ಅದು ಜಾರಿಯಲ್ಲಿದೆ. ಸರಕು ಬರುವ ಮೊದಲೇ ಕಾಗದ ಪರಿಶೀಲಿಸುವುದು, ಅಪಾಯದ ಅಂದಾಜಿನಂತೆ ಕೆಲವನ್ನು ಮಾತ್ರ ತೆರೆದು ನೋಡುವುದು, ಸರಕು ಬಿಡುಗಡೆಗೆ ಹಿಡಿದ ಸಮಯವನ್ನು ಅಳೆದು ಪ್ರಕಟಿಸುವುದು ಅದರ ತಿರುಳು. ಅದರ ನಂತರ ನಮ್ಮ ದೇಶದಲ್ಲಿ ಆದ ಬದಲಾವಣೆಗಳು ಕಡಿಮೆಯಲ್ಲ. 2017ರಿಂದ ರಫ್ತುದಾರನು ತನ್ನ ಕಾರ್ಖಾನೆಯಲ್ಲಿಯೇ ಕಂಟೇನರ್ ತುಂಬಿ ವಿದ್ಯುನ್ಮಾನ ಮುದ್ರೆ ಹಾಕಿ ಕಳುಹಿಸಬಹುದು. ಮೊದಲಿನಂತೆ ಅಬಕಾರಿ ಅಧಿಕಾರಿಯ ದಾರಿ ಕಾಯಬೇಕಿಲ್ಲ. 2020ರಿಂದ ಆಮದಿನ ಕಾಗದಗಳನ್ನು ಬೇರೊಂದು ಊರಿನ ಅಧಿಕಾರಿ ಮುಖಾಮುಖಿಯಿಲ್ಲದೆ ಪರಿಶೀಲಿಸುತ್ತಾರೆ. 2021ರಿಂದ ಆಮದಿನ ಘೋಷಣೆಯನ್ನು ಹಡಗು ಬರುವ ಹಿಂದಿನ ದಿನದೊಳಗೇ ಸಲ್ಲಿಸಬೇಕು.

ಭೂಗಡಿಗಳ ಸ್ಥಿತಿ ಇಷ್ಟು ಸಲೀಸಲ್ಲ. ಬಂಗಾಳದ ಪೆಟ್ರಾಪೋಲ್‌ನಲ್ಲಿ ಲಾರಿಗಳ ಸಾಲಿನ ಸುದ್ದಿಯನ್ನು ಸದಸ್ಯರು ಓದಿರಬಹುದು. 2012ರಲ್ಲಿ ಭೂ ಬಂದರು ಪ್ರಾಧಿಕಾರ ಸ್ಥಾಪನೆಯಾಗಿ, 2016ರಲ್ಲಿ ಅಲ್ಲಿ ಸಮಗ್ರ ತನಿಖಾ ಠಾಣೆ ಆರಂಭವಾಗಿ, 2024ರ ಅಕ್ಟೋಬರಿನಲ್ಲಿ ಸರಕಿಗೆಂದೇ ಮೈತ್ರಿ ದ್ವಾರವೆಂಬ ಬಾಗಿಲು ತೆರೆಯಿತು. ಒಂದು ಬದಿಯಲ್ಲಿ ಎಷ್ಟೇ ಗೋದಾಮು, ಕಾಟಾ, ದಾರಿ ಕಟ್ಟಿದರೂ ಇನ್ನೊಂದು ಬದಿ ಅದೇ ವೇಗದಲ್ಲಿ ಲಾರಿಗಳನ್ನು ಒಳಗೊಳ್ಳದಿದ್ದರೆ ಸಾಲು ಕರಗುವುದಿಲ್ಲ. ಸೇಡಂ ಮತ್ತು ತಾಂಡೂರಿನ ನಡುವೆ ಎರಡು ಠಾಣೆಗಳಿದ್ದ ದಿನಗಳಲ್ಲಿ ನಾವು ಕಂಡದ್ದೂ ಇದನ್ನೇ: ಇತ್ತಲವರು ಬಿಟ್ಟರೆ ಅತ್ತಲವರು ಹಿಡಿಯುತ್ತಿದ್ದರು.

ನಮ್ಮ ಸಣ್ಣ ರಫ್ತುದಾರರಿಗೆ ಬಂದರಿನಲ್ಲಾಗುವ ವಿಳಂಬದ ಬೀಜ ಹೆಚ್ಚಾಗಿ ಇಲ್ಲಿಯೇ ಬಿತ್ತಲ್ಪಡುತ್ತದೆ. ಕಾರ್ಖಾನೆಯಿಂದ ಬಂದರಿಗೆ ಹೋಗುವ ಲಾರಿಗೂ ಇ-ವೇ ಬಿಲ್ ಬೇಕು. ಅದರಲ್ಲಿ ಖರೀದಿದಾರ ಹೊರದೇಶದವನೆಂದೂ, ಸರಕು ತಲುಪುವ ಜಾಗ ಬಂದರೆಂದೂ ತುಂಬಬೇಕು. ತಲುಪುವ ಜಾಗದಲ್ಲಿಯೂ ಹೊರದೇಶದ ವಿಳಾಸ ತುಂಬಿ ದೂರದ ಲೆಕ್ಕ ತಪ್ಪಿ ಅವಧಿ ಕೆಟ್ಟ ಬಿಲ್ಲುಗಳನ್ನು ನಾನು ನೋಡಿದ್ದೇನೆ. ತೆರಿಗೆ ಕಟ್ಟದೆ ರಫ್ತು ಮಾಡುವವರು ಪ್ರತಿ ಆರ್ಥಿಕ ವರ್ಷಕ್ಕೂ ಹೊಸದಾಗಿ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಇದನ್ನು ಮರೆಯುವವರು ಪ್ರತಿ ವರ್ಷವೂ ಇರುತ್ತಾರೆ. ತೆರಿಗೆ ಕಟ್ಟಿ ಮರುಪಾವತಿ ಪಡೆಯುವವರ ಬಿಲ್ಲಿನ ಸಂಖ್ಯೆ, ಮೊತ್ತಗಳು ಸುಂಕದ ಇಲಾಖೆಗೆ ಕೊಟ್ಟ ಹಡಗು ಪತ್ರದಲ್ಲಿಯೂ ತೆರಿಗೆ ವಿವರಣೆಯಲ್ಲಿಯೂ ಒಂದೇ ಆಗಿರಬೇಕು. ಒಂದು ಅಡ್ಡಗೆರೆ ಹೆಚ್ಚುಕಡಿಮೆಯಾದರೂ ಗಣಕಯಂತ್ರ ಹೊಂದಾಣಿಕೆ ಮಾಡುವುದಿಲ್ಲ, ದುಡಿಯುವ ಬಂಡವಾಳ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಕಲ್ಲಿನ ರಫ್ತುದಾರರಿಗೆ ಇನ್ನೊಂದು ಮಾತು: ಹಲಗೆ ಪೆಟ್ಟಿಗೆಯ ಕಟ್ಟಿಗೆಗೆ ಶಾಖ ಸಂಸ್ಕಾರ ಮಾಡಿಸಿ ಐಎಸ್‌ಪಿಎಂ-15 ಮುದ್ರೆ ಒತ್ತಿಸದಿದ್ದರೆ ಕಲ್ಲು ಎಷ್ಟೇ ಚೆನ್ನಾಗಿದ್ದರೂ ಆಚೆಯ ಬಂದರಿನಲ್ಲಿ ಪೆಟ್ಟಿಗೆ ನಿಲ್ಲುತ್ತದೆ. 2016ರ ಜುಲೈ 1ರಿಂದ ಕಂಟೇನರಿನ ಪ್ರಮಾಣಿತ ಒಟ್ಟು ತೂಕವನ್ನು ಹಡಗೇರುವ ಮೊದಲು ತಿಳಿಸುವುದೂ ಕಡ್ಡಾಯ. ಅಂದಾಜಿನ ತೂಕ ಬರೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ.

ವಾಡಿ ಜಂಕ್ಷನ್ ಮುಂಬಯಿ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ, ಹೈದರಾಬಾದಿನ ಕವಲೂ ಅಲ್ಲಿಂದಲೇ. ಸಿಮೆಂಟ್ ಕಾರ್ಖಾನೆಗಳಿಗೆ ರೈಲಿನ ಸೌಲಭ್ಯವಿದೆ. ಇಡೀ ರೇಕ್ ತುಂಬುವ ಶಕ್ತಿ ಅವಕ್ಕಿದೆ. ಎರಡು ಕಂಟೇನರ್ ಕಲ್ಲು ಕಳುಹಿಸುವವನಿಗೆ ಆ ಹಳಿಯಿಂದ ಪ್ರಯೋಜನವಿಲ್ಲ. ಹಲವು ಸಣ್ಣ ರಫ್ತುದಾರರ ಸರಕನ್ನು ಒಂದೆಡೆ ಕೂಡಿಸಿ ಸುಂಕದ ಪರಿಶೀಲನೆ ಮುಗಿಸಿ ರೈಲಿಗೆ ಹಾಕುವ ಒಳನಾಡು ಕಂಟೇನರ್ ನೆಲೆಯೊಂದು ಈ ಭಾಗದಲ್ಲಿ ಬರಬೇಕೆಂಬ ಬೇಡಿಕೆ ನನ್ನ ದೃಷ್ಟಿಯಲ್ಲಿ ನ್ಯಾಯವಾದುದು. ಆದರೆ ಅಂತಹ ನೆಲೆ ನಡೆಯಬೇಕಾದರೆ ವರ್ಷಕ್ಕೆ ಇಷ್ಟು ಕಂಟೇನರ್ ಖಚಿತವೆಂದು ನಾವು ತೋರಿಸಬೇಕಾಗುತ್ತದೆ. ಆ ಅಂಕಿ ಇಂದು ನಮ್ಮ ಬಳಿ ಇಲ್ಲ. ನಮ್ಮ ಕಲ್ಲಿನ ಹೆಚ್ಚಿನ ಪಾಲು ಬೇರೆ ಊರಿನ ವ್ಯಾಪಾರಿಗಳ ಹೆಸರಿನಲ್ಲಿ ರಫ್ತಾಗುವುದರಿಂದ ಲೆಕ್ಕ ಅವರ ಊರಿಗೆ ಸೇರುತ್ತದೆ.

ಈ ಕಾರಣದಿಂದಲೇ ಸದಸ್ಯರಲ್ಲಿ ನನ್ನದೊಂದು ವಿನಂತಿ. ಕಳೆದ ಒಂದು ವರ್ಷದಲ್ಲಿ ತಮ್ಮ ಲಾರಿ ಎಲ್ಲಿ ನಿಂತಿತು, ಯಾವ ಇಲಾಖೆಯವರು ನಿಲ್ಲಿಸಿದರು, ಎಷ್ಟು ಗಂಟೆ, ಯಾವ ಕಾಗದದ ಕಾರಣಕ್ಕೆ, ಕಟ್ಟಿದ ದಂಡವೆಷ್ಟು, ರಸೀದಿ ಸಿಕ್ಕಿತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಂಸ್ಥೆಯ ಕಚೇರಿಗೆ ತಲುಪಿಸಿರಿ. ಹೊರದೇಶಕ್ಕೆ ಹೋದ ಸರಕಿದ್ದರೆ, ಅದು ಬೇರೆಯವರ ಹೆಸರಿನಲ್ಲಿ ಹೋಗಿದ್ದರೂ, ಅದರ ಟನ್ನನ್ನೂ ಬಂದರಿನ ಹೆಸರನ್ನೂ ಸೇರಿಸಿರಿ. ಹೆಸರು ಬರೆಯಲು ಸಂಕೋಚವಿದ್ದರೆ ಊರಿನ ಹೆಸರಷ್ಟೇ ಸಾಕು. ಕಾಟಾ ಚೀಟಿ ಅಥವಾ ನೋಟಿಸಿನ ಪ್ರತಿ ಇದ್ದರೆ ಇನ್ನೂ ಅನುಕೂಲ.